ದುಗ್ಗಮ್ಮ ಮಾಡಿದ ಕುದುರೆ ಬಾಣಂತನ

ಚಿಂತೆ ಮಾಡಲು ಬೇರೆಯವರಿಗೆ ಒಂದು ಕಾರಣವಾದರೂ ಬೇಕು. ಅರಳಸುರಳಿ ಹತ್ತಿರದ ವಾಸಪ್ಪಗೌಡನ ಹೆಂಡತಿ ದುಗ್ಗಮ್ಮನಿಗೆ ಅದೂ ಬೇಡ. ಒಲೆಯ ಮೇಲೆ ಹಾಲಿಟ್ಟರೆ ಉಕ್ಕೀತೆಂಬ ಚಿಂತೆ, ಉಕ್ಕದಿದ್ದರೆ ಒಡೆದಿದೆಯೇನೋ ಎಂಬ ಚಿಂತೆ. ಸಾಗರಕ್ಕೆ ಕೊಟ್ಟ ಮಗಳು ಕಾಗದ ಬರೆಯದಿದ್ದರೆ ಏನಾಯಿತೋ ಎಂದು ಹೆದರಿಕೆ, ಬರೆದರೆ ಒಡೆಯುವ ಮೊದಲೇ ಅಳು. "ನಾಳೆ ಅಳಾದನ್ನ ಇವತ್ತೇ ಅತ್ತು ಮುಗಿಸ್ತಾಳೆ, ಹುಷಾರು ಹೆಂಗಸು" ಎಂದು ಗಂಡ ಛೇಡಿಸುತ್ತಿದ್ದ. ಅವಳು ಅದಕ್ಕೂ ಚಿಂತೆ ಮಾಡುತ್ತಿದ್ದಳು. ಇವರು ನಗುತ್ತಿದ್ದಾರಲ್ಲ, ಜಾಸ್ತಿ ನಕ್ಕರೆ ಅಳು ಬರುತ್ತದಂತೆ ಎಂದು.

ಇಂಥವಳು ಕೊಟ್ಟಿಗೆಗೆ ಕಾಲಿಟ್ಟಳೋ, ಬೇರೆಯೇ ಹೆಂಗಸು. ದನ ಈಯಿಸುವುದರಲ್ಲಿ ಅವಳ ಕೈಯನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಕವಲೇದುರ್ಗದ ಬುಡದಿಂದಲೂ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಹೋದವಳು ಹಸುವಿನ ಬೆನ್ನ ಮೇಲೆ ಅಂಗೈ ಇಟ್ಟು ಪಕ್ಕದಲ್ಲಿ ಕೂತುಬಿಟ್ಟರೆ ಸಾಕು, ಕಣ್ಣು ಬಿಡುತ್ತಿದ್ದ ಹಸು ಸಮಾಧಾನಕ್ಕೆ ಬರುತ್ತಿತ್ತು. ಕಾಲು ಅಡ್ಡ ಬಂದ ಕರುವನ್ನು ಒಳಗೇ ತಿರುಗಿಸಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುತ್ತಿದ್ದಳು. ಅವಳದೊಂದು ಕಟ್ಟುನಿಟ್ಟು ಇತ್ತು. ಕರು ಬಿದ್ದ ಮೇಲೆ ಹೊಟ್ಟೆಯೊಳಗಿನ ಮಾಸು ಪೂರ್ತಿ ಬೀಳುವ ತನಕ ಕರುವನ್ನು ಮೊಲೆಗೆ ಬಿಡಕೂಡದು. ಅವಳ ಅಜ್ಜಿ ಹಾಗೆ ಮಾಡುತ್ತಿದ್ದಳು, ಅಜ್ಜಿಯ ಅತ್ತೆಯೂ ಹಾಗೇ. ಪಕ್ಕದ ಮನೆಯ ಶೇಷಮ್ಮ ಒಮ್ಮೆ ಕರುವಿನ ಮುಖ ನೋಡಲಾರದೆ ಮೊದಲೇ ಬಿಟ್ಟಳೆಂದು ದುಗ್ಗಮ್ಮ ಅವಳಿಗೆ ಊರೆಲ್ಲ ಕೇಳುವಂತೆ ಬೈದಿದ್ದಳು. ಶೇಷಮ್ಮ ಅಂದಿನಿಂದ ದನದ ವಿಷಯದಲ್ಲಿ ಇವಳೆದುರು ಉಸಿರೆತ್ತುತ್ತಿರಲಿಲ್ಲ.

ಆದರೆ ದುಗ್ಗಮ್ಮನ ಹೊಟ್ಟೆಯೊಳಗಿನ ದೊಡ್ಡ ಹೆದರಿಕೆ ಯಾವ ಹಾಲಿನದೂ ಅಲ್ಲ, ಕಾಗದದ್ದೂ ಅಲ್ಲ. ಅದು ಮನೆಯ ಜಗುಲಿಯದು.

ವಾಸಪ್ಪ ನಲವತ್ತು ದಾಟುವ ಹೊತ್ತಿಗೆ ಕಾಡಿನಲ್ಲಿ ಮರ ಕಡಿಯುವ ಕೂಪಿನಲ್ಲಿ ದಿಮ್ಮಿ ಉರುಳಿ ಎಡಗಾಲಿನ ಮಂಡಿ ನುಜ್ಜಾಗಿತ್ತು. ಗಾಯ ಮಾಯಿತು, ಕಾಲು ಮಡಚುವುದು ನಿಂತಿತು. ಕೋಲು ಹಿಡಿದರೆ ಕುಂಟುತ್ತ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಹೋಗಲಿಲ್ಲ. ಎದೆಯೆತ್ತಿ ದಾಪುಗಾಲು ಹಾಕಿ ನಡೆಯುವುದಕ್ಕೇ ಹೆಸರಾಗಿದ್ದ ಗಂಡಸು. ಒಂದು ಮದುವೆ ಮನೆಯಲ್ಲಿ ನಾಲ್ಕು ಮಕ್ಕಳು ಅವನ ಬೆನ್ನ ಹಿಂದೆ ಕುಂಟಿ ತೋರಿಸಿ ನಕ್ಕಿದ್ದೇ ಕೊನೆ, ಮನೆಗೆ ಬಂದು ಜಗುಲಿ ಹಿಡಿದ. ಎರಡು ವರ್ಷ! ಅಯ್ಯೋ, ಆ ಎರಡು ವರ್ಷ ದುಗ್ಗಮ್ಮ ಅನುಭವಿಸಿದ್ದು ಶತ್ರುವಿಗೂ ಬೇಡ. ಗಂಜಿಗೆ ಉಪ್ಪು ಜಾಸ್ತಿಯಾದರೆ ತಟ್ಟೆ ಅಂಗಳಕ್ಕೆ ಬೀಳುತ್ತಿತ್ತು. ಬಂದವರೆದುರು ಮಾತಿಲ್ಲ, ಮಗಳೆದುರು ಮಾತಿಲ್ಲ. ಕಡೆಕಡೆಗೆ ಬೈಯುವುದನ್ನೂ ನಿಲ್ಲಿಸಿ ಸುಮ್ಮನೆ ಬಾವಿಯ ದಿಕ್ಕಿಗೆ ನೋಡುತ್ತ ಕೂರುತ್ತಿದ್ದ. ಅದು ಬೈಗುಳಕ್ಕಿಂತ ಕೆಟ್ಟದ್ದಾಗಿತ್ತು.

ಅವನನ್ನು ಜಗುಲಿಯಿಂದ ಎಬ್ಬಿಸಿದ್ದು ಮೋತಿ. ಸಾಗರದ ರೈಲ್ವೆ ಸ್ಟೇಷನ್ನಿನ ಜಟಕಾದವನೊಬ್ಬ, ಬಸ್ಸು ಹೆಚ್ಚಾಗಿ ಜಟಕಾಕ್ಕೆ ಜನವಿಲ್ಲ ಎಂದು ತನ್ನ ಹೆಣ್ಣು ಕುದುರೆ ಮಾರಲು ಹೊರಟಿದ್ದ. ಅಳಿಯ ಸುದ್ದಿ ಕಳಿಸಿದ, ದುಗ್ಗಮ್ಮ ತನ್ನ ಎರಡೆಳೆ ಸರ ಕೊಟ್ಟು ತರಿಸಿದಳು. ಕಂದು ಮೈಯ, ಸಾಧು ಕಣ್ಣಿನ ಪ್ರಾಣಿ. ಜಗುಲಿಯ ಅಂಚಿಗೆ ತಂದು ನಿಲ್ಲಿಸಿದರೆ ಬಂಡೆಯ ಹಾಗೆ ಅಲ್ಲಾಡದೆ ನಿಲ್ಲುತ್ತಿತ್ತು. ವಾಸಪ್ಪ ಕಂಬ ಹಿಡಿದು, ಬಲಗಾಲು ಹಾಯಿಸಿ, ಮಡಚದ ಎಡಗಾಲನ್ನು ನೇರ ಕೆಳಕ್ಕೆ ಬಿಟ್ಟು ಕೂತುಬಿಡುತ್ತಿದ್ದ. ಕುದುರೆಯ ಮೇಲೆ ಕೂತವನು ಕುಂಟನೆಂದು ಯಾರಿಗೆ ತಿಳಿಯಬೇಕು? ತೀರ್ಥಹಳ್ಳಿ ಸಂತೆಗೆ ಹೋದ, ಹೊಸನಗರದ ತಾಲ್ಲೂಕು ಕಚೇರಿಗೆ ಹೋದ. "ಕುದುರೆ ಕಂಡರೆ ಕಾಲುನೋವು ಅಂತಾರಲ್ಲ, ನಮ್ಮ ಗೌಡ್ರಿಗೆ ಕುದುರೆ ಕಂಡು ಕಾಲುನೋವೇ ಹೋಯ್ತು" ಎಂದು ಜನ ನಗುತ್ತಿದ್ದರು. ವಾಸಪ್ಪನೂ ನಗುತ್ತಿದ್ದ. ಗಂಡ ಮತ್ತೆ ನಗುವುದನ್ನು ಕಂಡ ದಿನ ದುಗ್ಗಮ್ಮ ಕೊಟ್ಟಿಗೆಗೆ ಹೋಗಿ ಮೋತಿಯ ಕುತ್ತಿಗೆ ತಬ್ಬಿ ಅತ್ತಳು.

ಸುಖವಾಗಿ ಇರಬಹುದಿತ್ತು. ಆದರೆ ದುಗ್ಗಮ್ಮ ಅಂದರೆ ದುಗ್ಗಮ್ಮನೇ. ಕುದುರೆಗೆ ಆಗಲೇ ಹನ್ನೆರಡೋ ಹದಿಮೂರೋ ವರ್ಷ. ಇದು ಸತ್ತ ಮೇಲೆ? ಸಾಗರದಲ್ಲಿ ಜಟಕಾಗಳೇ ಇಲ್ಲದಂತಾಗುತ್ತಿವೆ, ಶಿವಮೊಗ್ಗದಲ್ಲೂ ಅದೇ ಕಥೆ. ಇನ್ನೊಂದು ಕುದುರೆ ಎಲ್ಲಿಂದ? ಮತ್ತೆ ಜಗುಲಿ, ಮತ್ತೆ ಬಾವಿಯ ದಿಕ್ಕು. ಯೋಚಿಸಿ ಯೋಚಿಸಿ ಒಂದು ದಿನ ಊಟಕ್ಕೆ ಬಡಿಸುತ್ತ ಹೇಳಿಯೇಬಿಟ್ಟಳು.

"ಹೋಯ್, ಕೇಳಿತಾ? ಮೋತಿಗೆ ಒಂದು ಮರಿ ಮಾಡಿಸಾದು ಒಳ್ಳೇದು."

"ಎಂತಕ್ಕೆ? ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯಾದು ನಿನ್ನ ಹತ್ರ ಕಲೀಬೇಕು."

"ಮುಂದಕ್ಕೆ ಬೇಕಲ್ಲ ನಿಮಗೆ."

"ನಂಗಿರೋದು ಅದೊಂದು ಕಾಲು. ಅದನ್ನ ಬಸಿರು ಬಾಣಂತನಕ್ಕೆ ಕಳ್ಸಿ, ಏನಾದ್ರೂ ಹೆಚ್ಚು ಕಮ್ಮಿ ಆದ್ರೆ?" ವಾಸಪ್ಪ ಅನ್ನ ಕಲೆಸುತ್ತಿದ್ದ ಕೈ ನಿಲ್ಲಿಸಿ ಕೇಳಿದ.

"ನಾನಿಲ್ವಾ?" ಎಂದಳು ದುಗ್ಗಮ್ಮ.

ಆ ಒಂದು ಮಾತು ಅವಳ ಬಾಯಿಂದ ಬಂತಲ್ಲ, ಅದನ್ನು ಮುಂದೆ ಒಂದು ವರ್ಷ ಅವಳು ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿದಳು. ವಾಸಪ್ಪ ಮಾತ್ರ ಒಪ್ಪಿದ. ಈಯಿಸುವ ಕೆಲಸದಲ್ಲಿ ಹೆಂಡತಿಯ ಮೇಲೆ ಅವನಿಗೆ ದೇವರಷ್ಟು ನಂಬಿಕೆ.

ಚಳಿಗಾಲವೆಲ್ಲ ಮೋತಿ ಬೆದೆಗೇ ಬರಲಿಲ್ಲ. ದನವಾದರೆ ಯಾವ ತಿಂಗಳಾದರೂ ಬರುತ್ತದೆ. ಇದೇನು, ಬಂಜೆಯೋ? ದುಗ್ಗಮ್ಮನಿಗೆ ಪುಕುಪುಕು. ಯುಗಾದಿ ಹತ್ತಿರವಾಗಿ ಹಗಲು ಉದ್ದವಾದ ಮೇಲೆ ಒಂದು ಬೆಳಿಗ್ಗೆ ನೋಡುತ್ತಾಳೆ, ಮೋತಿ ಬಾಲ ಎತ್ತಿ ಪಕ್ಕಕ್ಕೆ ಹಾಕುತ್ತಿದೆ, ಚೂರು ಚೂರೇ ಉಚ್ಚೆ ಹೊಯ್ಯುತ್ತಿದೆ, ದೂರದ ಸದ್ದಿಗೆಲ್ಲ ಕೆನೆಯುತ್ತಿದೆ. ಹಸುವಿನ ಬೆದೆ ಒಂದು ಹಗಲಿನ ಮಾತು, ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ದುಗ್ಗಮ್ಮ ಗಂಡನಿಗೆ ಕಾಫಿ ಕುಡಿಯಲೂ ಬಿಡದೆ ಹೊರಡಿಸಿದಳು. "ಬಿಸಿಲೇರೋದ್ರೊಳಗೆ ಮುಟ್ಟಿ. ಸಂಜೆಗೆ ಬೆದೆ ಇಳೀತದೆ!"

ಗಂಡು ಕುದುರೆ ಇದ್ದದ್ದು ಹೊಸನಗರದಲ್ಲಿ, ಹುಲಿಯಪ್ಪನ ಹತ್ತಿರ. ಶರಾವತಿಯ ಹಿನ್ನೀರಿಗೆ ಊರು ಮುಳುಗಿದ ಮೇಲೆ ಹುಲಿಯಪ್ಪ ಹೊಸನಗರಕ್ಕೆ ಬಂದು, ಬಸ್ಸು ಹೋಗದ ಹಳ್ಳಿಗಳಿಗೆ ಕುದುರೆಯ ಮೇಲೆ ಸಾಮಾನು ಹೇರಿ ಬದುಕುತ್ತಿದ್ದ. ಬಾಯಿ ಜೋರು, ಹೊಟ್ಟೆ ದೊಡ್ಡದು. ತನ್ನ ಗಂಡು ಕುದುರೆಯ ಪ್ರತಾಪವನ್ನು ತನ್ನದೇ ಎಂಬಂತೆ ಹೇಳಿಕೊಳ್ಳುವವನು.

ಸಂಜೆ ವಾಸಪ್ಪ ಬಸ್ಸಿಳಿದು ಬಂದ, ಒಬ್ಬನೇ. ರಸ್ತೆಯಿಂದ ಮನೆಯ ತನಕ ಯಾರ ಕಣ್ಣಿಗೂ ಬೀಳದಂತೆ ಬೇಲಿಯ ಮರೆಯಲ್ಲಿ ಕುಂಟಿಕೊಂಡು ಬಂದಿದ್ದ. ಮುಖ ಹುಳ್ಳಗೆ.

"ಎಂತ ಆಯ್ತು? ಮೋತಿ ಎಲ್ಲಿ?"

"ಎಂತ ಆಗಾದು! ಗಂಡು ಹತ್ರ ಬಂದದ್ದೇ ತಡ, ಎದೆಗೆ ಝಾಡಿಸಿ ಒದೀತು. ಹುಲಿಯಪ್ಪ ನಗಾಕೆ ಶುರು ಮಾಡ್ದ. ಕುದುರೆ ಬೆದೆ ಐದಾರು ದಿನ ಇರ್ತದಂತೆ. ಮೊದಲ್ನೇ ದಿನ ಒದೀತದೆ, ಕಡೆಕಡೆಗೆ ತಾನೇ ನಿಲ್ತದೆ, ಗಬ್ಬ ಕಟ್ಟೋದೂ ಆವಾಗ್ಲೇ ಅಂತೆ. ನಡುವೆ ಬಿದಿರಿನ ಗಳ ಕಟ್ಟಿ ಈಚೆ ಇದನ್ನ, ಆಚೆ ಅದನ್ನ ನಿಲ್ಸಿ ದಿನಾ ನೋಡ್ತಾನಂತೆ. ಅಲ್ಲೇ ಬಿಟ್ಟು ಬಂದೆ. 'ಇದು ದನ ಅಲ್ಲ ಗೌಡ್ರೇ' ಅಂದ, ನಾಲ್ಕು ಜನದ ಎದ್ರಿಗೆ."

ಆ ಮಾತು ದುಗ್ಗಮ್ಮನ ತಲೆಯಲ್ಲಿ ಕೂತಿತು. ಗಂಡನಿಗೆ ಅವಮಾನವಾಯಿತೆಂದಲ್ಲ. ಇದು ದನ ಅಲ್ಲ. ಹಾಗಾದರೆ ತನಗೇನು ಗೊತ್ತು? ಬೆದೆಯೇ ಗೊತ್ತಾಗದವಳಿಗೆ ಉಳಿದದ್ದು ಗೊತ್ತಾಗುತ್ತದೆಯೆ? ಕೇಳಬೇಕೆಂದು ಬಾಯಿ ತೆರೆದಳು. ಆದರೆ ವಾಸಪ್ಪ ಆಗಲೇ, "ಇರಲಿ ಬಿಡು, ಹಾರಿಸೋದು ಗಂಡಸರ ಕೆಲಸ. ಈಯ್ಸೋದಕ್ಕೆ ನೀನಿದೀಯಲ್ಲ" ಎಂದುಬಿಟ್ಟ. ತೆರೆದ ಬಾಯಿ ಮುಚ್ಚಿತು.

ಮೋತಿ ಇಲ್ಲದ ಆ ವಾರ ಅವನು ಜಗುಲಿಯಲ್ಲೇ ಕೂತ. ಮೂರನೆಯ ದಿನಕ್ಕೆ ತಟ್ಟೆ ಅಂಗಳಕ್ಕೆ ಬಿತ್ತು. ದುಗ್ಗಮ್ಮ ಅದನ್ನು ತೊಳೆದು ತಂದಿಟ್ಟು, ಒಳಗೆ ಹೋಗಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು.

ಗಂಡಿಗೆ ಕೂಡಿಸಿ ಮನೆಗೆ ತಂದು ಮೂರು ವಾರ ಕಳೆದ ಮೇಲೆ ಮತ್ತೆ ಅದರ ಎದುರು ನಿಲ್ಲಿಸಿದಾಗ ಮೋತಿ ಕಿವಿ ಹಿಂದಕ್ಕೆ ಮಲಗಿಸಿ, ಬಿದಿರಿನ ಗಳ ಸೀಳುವಂತೆ ಒದೆಯಿತು. ಈ ಸಲ ಒದ್ದದ್ದು ಶುಭ. ಗಬ್ಬ ನಿಂತ ಹೆಣ್ಣು ಗಂಡನ್ನು ಹತ್ತಿರ ಸೇರಿಸುವುದಿಲ್ಲ ಎಂದು ಹುಲಿಯಪ್ಪ ಮೀಸೆ ತಿರುವಿದನಂತೆ. ಹನ್ನೊಂದು ತಿಂಗಳು ಎಂದನಂತೆ. ಇನ್ನೂ ಏನೇನೋ ಹೇಳಿದನಂತೆ. ವಾಸಪ್ಪ ಮನೆಗೆ ಬಂದು ಹೇಳಿದ್ದು ಹನ್ನೊಂದು ತಿಂಗಳೆಂಬುದನ್ನು ಮಾತ್ರ.

ಹನ್ನೊಂದು! ಹಸುವಿಗೆ ಒಂಬತ್ತು, ಎಮ್ಮೆಗೆ ಹತ್ತು. ದುಗ್ಗಮ್ಮನ ಕಿವಿ ಹನ್ನೊಂದನ್ನು ಕೇಳಿಸಿಕೊಂಡಿತು, ಕೈ ಮಾತ್ರ ಒಂಬತ್ತರಲ್ಲೇ ನಿಂತಿತು. ಒಂಬತ್ತಾದರೂ ಕೆಚ್ಚಲು ಇಳಿಯಲಿಲ್ಲ. ಹತ್ತಾದರೂ ಹೊಟ್ಟೆ ಹಸುವಿನದರಂತೆ ಪಕ್ಕಕ್ಕೆ ಉಬ್ಬಲಿಲ್ಲ. ಒಳಗೆ ಮರಿ ಸತ್ತಿದೆಯೇನೋ. ಅವಳಿ ಇದೆಯೇನೋ. ಅಡುಗೆ ಮನೆಯಲ್ಲಿ ಕೂತವಳು ಎದ್ದು ಹೋಗಿ ಮೋತಿಯ ಪಕ್ಕೆಗೆ ಕಿವಿ ಕೊಟ್ಟು ನಿಲ್ಲುತ್ತಿದ್ದಳು. ಶೇಷಮ್ಮ ಬಂದು, "ಎಂತ ದುಗ್ಗಕ್ಕ, ಎಲ್ಲಾ ಸರಿ ಇದೆಯಾ?" ಎಂದರೆ, "ನಂಗೆ ಗೊತ್ತಿಲ್ದೇ ಇರೋದಾ?" ಎಂದು ನಗುತ್ತಿದ್ದಳು. ನಗು ಗಂಟಲಿಂದ ಕೆಳಗಿಳಿಯುತ್ತಿರಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಟ್ಟವಳು ಈಗ ಯಾರ ಮುಂದೆ ಹೋಗಿ ಕೇಳಬೇಕು? ಕೇಳಿದರೆ ಗಂಡನ ಕಿವಿಗೆ ಬೀಳುತ್ತದೆ. 'ನಾನಿಲ್ವಾ' ಅಂದಿದ್ದೆಯಲ್ಲ ಎನ್ನುತ್ತಾನೆ. ಅನ್ನದಿದ್ದರೂ ಮನಸ್ಸಿನಲ್ಲಿ ಅಂದುಕೊಳ್ಳುತ್ತಾನೆ.

ಕೊನೆಯ ಎರಡು ತಿಂಗಳು ಸವಾರಿ ನಿಂತಿತು. ವಾಸಪ್ಪ ಜಗುಲಿಗೆ ಬಂದ. ಮೊದಮೊದಲು ಸುಮ್ಮನಿದ್ದ. ಆಮೇಲೆ ಶುರುವಾಯಿತು.

"ನನ್ನ ಕಾಲು ಕಿತ್ಕೊಂಡು ಕೊಟ್ಟಿಗೆಲಿ ಕಟ್ಟಿದೀಯ" ಎಂದ ಒಂದು ದಿನ. ಹೇಳಿದವನು ಹೇಳಿ ಮರೆತ. ದುಗ್ಗಮ್ಮ ಮರೆಯಲಿಲ್ಲ.

ಶಿವರಾತ್ರಿ ಕಳೆದು ಕೆಚ್ಚಲು ತುಂಬಿತು. ಮೊಲೆಯ ತುದಿಯಲ್ಲಿ ಮೇಣದಂಥ ಹನಿ ಗಟ್ಟಿಯಾಗಿ ನಿಂತಿತು. ಇನ್ನೇನು ಇವತ್ತೋ ನಾಳೆಯೋ. ದುಗ್ಗಮ್ಮ ಅಡುಗೆಯನ್ನು ಶೇಷಮ್ಮನಿಗೆ ಒಪ್ಪಿಸಿ ಕೊಟ್ಟಿಗೆಯಲ್ಲೇ ಚಾಪೆ ಹಾಸಿದಳು. ಮೋತಿಯ ಬೆನ್ನ ಮೇಲೆ ಅಂಗೈ ಇಟ್ಟು ಕೂತಳು. ಹಸುವಾದರೆ ಆ ಅಂಗೈಗೆ ಕರಗಿಬಿಡುತ್ತಿತ್ತು. ಮೋತಿ ಪಕ್ಕಕ್ಕೆ ಸರಿಯಿತು. ಅವಳೂ ಸರಿದಳು. ಮೋತಿ ಮತ್ತೆ ಸರಿಯಿತು. ಹೀಗೆ ಇವತ್ತು ನಾಳೆಯಾಗಿ, ನಾಳೆ ನಾಡಿದ್ದಾಗಿ, ಮರಿ ಮಾತ್ರ ಬರಲಿಲ್ಲ. ದುಗ್ಗಮ್ಮನ ಕಣ್ಣು ಗುಳಿ ಬಿದ್ದವು.

ಕಡೆಗೊಂದು ಬೆಳಿಗ್ಗೆ ವಾಸಪ್ಪ ಜಗುಲಿಯಿಂದ ಕೂಗಿದ. "ನೀನು ಹಿಂಗೆ ಅದ್ರ ಎದ್ರಿಗೆ ಕೂತ್ರೆ, ನಿನ್ನ ಮುಖ ನೋಡಿ ಒಳಗಿರೋ ಮರಿ ಹೊರಗೆ ಬರಾಕೇ ಹೆದರ್ತದೆ. ಹೋಗಿ ತಲೆಗೆ ನೀರು ಹಾಕ್ಕೊಂಡು ಬಾ ಮಾರಾಯ್ತಿ!"

ಶೇಷಮ್ಮನೂ ಎಳೆದಳು. ದುಗ್ಗಮ್ಮ ಹೋದಳು. ಎರಡು ಹಂಡೆ ನೀರು ಹುಯ್ದುಕೊಂಡು, ಒದ್ದೆ ಕೂದಲು ಹಿಂಡುತ್ತ ಬಂದು ನೋಡಿದರೆ ಹುಲ್ಲಿನ ಮೇಲೆ ಮರಿ ಬಿದ್ದಿದೆ! ಉದ್ದ ಉದ್ದ ಕಾಲು, ಹಣೆಯ ಮೇಲೆ ಬಿಳಿ ಚುಕ್ಕೆ. ಗಂಡು. ಅವಳು ಹೋಗುವುದನ್ನೇ ಕಾದಿತ್ತೋ ಎಂಬಂತೆ, ಅವಳು ಅತ್ತ ಹೋದ ಗಳಿಗೆಯಲ್ಲಿ ಮೋತಿ ಮಲಗಿ ಹೆತ್ತುಬಿಟ್ಟಿತ್ತು. ಜನ ನೋಡುತ್ತಿದ್ದರೆ ಕುದುರೆ ಬೇನೆಯನ್ನೇ ಹಿಡಿದಿಟ್ಟುಕೊಳ್ಳುತ್ತದೆಂದು ದನ ಈಯಿಸುವವಳಿಗೆ ಹೇಗೆ ತಿಳಿಯಬೇಕು?

"ಹೆತ್ತಿತು! ಗಂಡು ಮರಿ!" ಎಂದು ಶೇಷಮ್ಮ ಕೂಗಿದಳು. ಜಗುಲಿಯಿಂದ ವಾಸಪ್ಪ ಹೋ ಎಂದ. ದುಗ್ಗಮ್ಮ ಹುಲ್ಲು ಹಿಡಿದು ಮರಿಯ ಮೈ ಒರೆಸಿದಳು.

ಮರಿ ಬೇಗ ಎದ್ದಿತು. ಬಿತ್ತು, ಎದ್ದಿತು, ತತ್ತರಿಸುತ್ತ ತಾಯಿಯ ಹೊಟ್ಟೆಯ ಕಡೆಗೆ ಮೂತಿ ಚಾಚಿತು. ಮೋತಿಯ ಹಿಂದೆ ಮಾಸು ಇನ್ನೂ ಜೋತಾಡುತ್ತಿತ್ತು. ದುಗ್ಗಮ್ಮನ ಕೈ ಯೋಚಿಸಲಿಲ್ಲ, ತನ್ನ ಕೆಲಸ ಮಾಡಿತು. ಮರಿಯನ್ನು ಹಿಡಿದೆಳೆದು, ಹಗ್ಗ ಹಾಕಿ, ಆಚೆಯ ಕಂಬಕ್ಕೆ ಕಟ್ಟಿತು. ಮೋತಿಯನ್ನು ಈಚೆ ಬಿಗಿದಳು.

"ಮಾಸು ಬೀಳಲಿ. ಆಮೇಲೆ ಕುಡಿಸೋಣ" ಎಂದಳು.

ಬಿದಿರಿನ ಸೊಪ್ಪು ತಂದು ಒಡ್ಡಿದಳು. ಹಸುವಿಗೆ ಅದು ಮದ್ದು. ಮೋತಿ ಮೂಸಿ ಬಿಟ್ಟಿತು. ಬೆಲ್ಲದ ನೀರಿಟ್ಟಳು, ಅದೂ ಬೇಡ. ಮೋತಿಗೆ ಬೇಕಾದದ್ದು ಆಚೆ ಕಂಬದಲ್ಲಿತ್ತು. ಮರಿ ಅರಚುತ್ತಿತ್ತು, ತಾಯಿ ಹಗ್ಗ ಜಗ್ಗಿ ಕೆನೆಯುತ್ತಿತ್ತು.

"ಬಿತ್ತಾ?" ವಾಸಪ್ಪ ಕೇಳಿದ.

"ಬೀಳ್ತದೆ. ದನಕ್ಕೆ ಸಂಜೆ ತನಕ ಆಗೋದಿಲ್ವಾ?"

ದಾರಿಯಲ್ಲಿ ಹೋಗುವವರಿಗೆಲ್ಲ ಅವನು ಜಗುಲಿಯಿಂದ ಸಾರುತ್ತಿದ್ದ. "ನಮ್ಮನೆಲಿ ಕುದುರೆ ಮರಿ ಹಾಕ್ತು ಕಣ್ರೋ! ನಂಗೆಂತ ಹೆದರಿಕೆ, ನಮ್ಮನೆಯೋಳು ಇದಾಳಲ್ಲ!" ಆ ಮಾತು ಕೊಟ್ಟಿಗೆಯೊಳಗೆ ಕೇಳುತ್ತಿತ್ತು. ಒಂದೊಂದು ಸಲ ಕೇಳಿದಾಗಲೂ ದುಗ್ಗಮ್ಮ ಮಾಸು ಬಿತ್ತೇನೋ ಎಂದು ಬಗ್ಗಿ ನೋಡುತ್ತಿದ್ದಳು.

ಮಧ್ಯಾಹ್ನವಾಯಿತು. ಮಾಸು ಬೀಳಲಿಲ್ಲ. ಬಿಸಿಲು ಅಂಗಳ ದಾಟಿ ಕೊಟ್ಟಿಗೆಯ ಹೊಸ್ತಿಲಿಗೆ ಬಂತು. ಮರಿಯ ಅರಚಾಟ ಸಣ್ಣದಾಯಿತು, ಆಮೇಲೆ ನಿಂತಿತು. ಕಾಲು ಮಡಚಿ ಮಲಗಿ ಕುತ್ತಿಗೆಯನ್ನು ನೆಲಕ್ಕೆ ಚಾಚಿತು. ಮೋತಿಯ ಮೈಯಲ್ಲಿ ಬೆವರು, ಒಳಗಿಂದ ನಡುಕ. ಮೂಗಿನ ಹೊಳ್ಳೆ ಅರಳಿಸಿ ಉಸಿರಾಡುತ್ತಿತ್ತು.

"ದುಗ್ಗಕ್ಕ" ಎಂದಳು ಶೇಷಮ್ಮ, ಹೆದರಿ ಹೆದರಿ. "ಮರಿ ಕಣ್ಣೇ ಬಿಡ್ತಿಲ್ಲ. ಒಂಚೂರು ಕುಡಿಯಾಕೆ..."

"ಮಾಸು ಬೀಳದೇ?" ಎಂದು ದುಗ್ಗಮ್ಮ ಗದರಿದಳು. ಗದರಿದವಳ ಧ್ವನಿ ತನ್ನದೇ ಅಲ್ಲದಂತೆ ಕೇಳಿಸಿತು. ಮರಿಯ ಹತ್ತಿರ ಹೋಗಿ ಬಾಯೊಳಗೆ ಬೆರಳಿಟ್ಟಳು. ಬಾಯಿ ತಣ್ಣಗಿತ್ತು. ಮರಿ ಹೋಗುತ್ತದೆ. ತಾಯಿಯೂ ಹೋಗುತ್ತದೆ. ಇವೆರಡರ ಹಿಂದೆ, ಬಾವಿಯ ದಿಕ್ಕಿಗೆ ನೋಡುತ್ತ ಕೂರುವ ಗಂಡನೂ. ಜೀವ ಬಾಯಿಗೆ ಬಂತು ಅವಳಿಗೆ.

ಅಂಗಳ ದಾಟಿ ಜಗುಲಿಗೆ ಓಡಿದಳು. ರಸ್ತೆಯಲ್ಲಿ ಹೋಗುತ್ತಿದ್ದ ಊರಿನ ಜಟ್ಟಿಂಗಪ್ಪ ಬಂದು ವೀಳ್ಯ ಮೆಲ್ಲುತ್ತ ಕೂತಿದ್ದ, ಶೇಷಮ್ಮ ಹಿಂದೆಯೇ ಬಂದಿದ್ದಳು. ಯಾರಿದ್ದರೇನು, ಯಾರಿಲ್ಲದಿದ್ದರೇನು.

"ನಂಗೆ ಗೊತ್ತಿಲ್ಲ!" ಎಂದಳು ದುಗ್ಗಮ್ಮ.

"ಎಂತ ಗೊತ್ತಿಲ್ಲ?"

"ಎಂತದೂ ಗೊತ್ತಿಲ್ಲ. ಕುದುರೆದು ನಂಗೆ ಎಂತದೂ ಗೊತ್ತಿಲ್ಲ. ಮೊದಲಿಂದ್ಲೂ ಗೊತ್ತಿರಲಿಲ್ಲ. ಮಾಸು ಬೀಳ್ತಿಲ್ಲ, ಮರಿ ಸಾಯ್ತಿದೆ."

ವಾಸಪ್ಪ ಕಣ್ಣು ಕಣ್ಣು ಬಿಟ್ಟ. "ಮರಿ ಎಂತಕ್ಕೆ ಸಾಯ್ತದೆ? ಕುಡೀತಲ್ಲ?"

"ಮಾಸು ಬೀಳದೆ ಹೆಂಗೆ ಕುಡಿಸಾದು!"

ಅವನ ಮುಖದ ರಕ್ತ ಇಳಿದುಹೋಯಿತು. "ಇನ್ನೂ ಕುಡಿಸಿಲ್ವಾ? ಬೆಳಗಿಂದ? ಹುಲಿಯಪ್ಪ ಹೇಳಿದ್ನಲ್ಲೇ! ಮರಿ ಎದ್ದ ಕೂಡಲೇ ಮೊಲೆಗೆ ಬಿಡಿ, ಅದು ಕುಡಿದ್ರೇನೇ ಮಾಸು ಕಳಚೋದು, ದನದ ಹಂಗೆ ಸಂಜೆ ತನಕ ಕಾಯ್ಬೇಡಿ, ಮೂರು ಗಂಟೆ ಮೀರಿದ್ರೆ ತಾಯಿಗೆ ವಿಷ ಅಂತ..."

"ಯಾವಾಗ ಹೇಳಿದ್ದ?"

"ಹೋದ ವರ್ಷ. ಗಬ್ಬ ನಿಂತ ದಿನ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ..." ವಾಸಪ್ಪ ಏಳಲು ಕಂಬ ಹುಡುಕಿದ. "ನಿಂಗೆ ಗೊತ್ತಿರ್ತದೆ ಅಂತ. ಈಯ್ಸೋಳಿಗೆ ನಾನೆಂತ ಹೇಳಾದು ಅಂತ."

ಜಗಳವಾಡಲು ಹೊತ್ತಿರಲಿಲ್ಲ. ವಾಸಪ್ಪ ಕಂಬ ಹಿಡಿದು ಜಗುಲಿಯಿಂದ ಜಾರಿದ. ಜಟ್ಟಿಂಗಪ್ಪನ ಹೆಗಲು ಹಿಡಿದು ಅಂಗಳ ದಾಟಿದ. ದುಗ್ಗಮ್ಮ ಆಗಲೇ ಹಗ್ಗ ಬಿಚ್ಚಿ, ಒಂದು ಬಟ್ಟಲಿಗೆ ಗಿಣ್ಣು ಹಾಲು ಹಿಂಡಿ, ಬಟ್ಟೆಯ ತುದಿ ಅದ್ದಿ ಮರಿಯ ಬಾಯಿಗೆ ಇಡುತ್ತಿದ್ದಳು. ಮೊದಲಿಗೆ ಹಾಲು ಬಾಯಿಯಂಚಿನಿಂದ ಇಳಿದುಹೋಯಿತು. ಅವಳು ಬಿಡಲಿಲ್ಲ. "ಕುಡಿ ನನ್ನಪ್ಪಾ, ಕುಡಿ, ತಪ್ಪಾಯ್ತು ನಂದು" ಎಂದು ಗೋಗರೆದಳು. ಯಾವಾಗಲೋ ಒಮ್ಮೆ ಗಂಟಲು ಅಲುಗಿತು. ಮತ್ತೊಮ್ಮೆ. ವಾಸಪ್ಪ ನೆಲಕ್ಕೆ ಕೂತು, ಮಡಚದ ಕಾಲು ಚಾಚಿ, ಮರಿಯ ಎದೆಯ ಕೆಳಗೆ ತೋಳು ಕೊಟ್ಟು ಎತ್ತಿದ. ನಾಲ್ಕು ಜನ ಸೇರಿ ಅದನ್ನು ಮೊಲೆಯ ಹತ್ತಿರ ನಿಲ್ಲಿಸಿದರು. ಹುಡುಕಿತು, ತಪ್ಪಿತು, ಮತ್ತೆ ಹುಡುಕಿತು, ಕಚ್ಚಿ ಹಿಡಿಯಿತು. ಚಪ್ಪರಿಸುವ ಸದ್ದು ಕೇಳಿದ್ದೇ ಶೇಷಮ್ಮ ಗೊಳೋ ಎಂದು ಅತ್ತಳು.

ದೀಪ ಹಚ್ಚುವ ಹೊತ್ತಿಗೆ ಮಾಸು ಬಿತ್ತು. ಅಷ್ಟೂ ಬಿತ್ತು, ಹರಿಯದೆ.

ಬದುಕಿದೆವು ಎಂದುಕೊಂಡರು ಎಲ್ಲರೂ. ದುಗ್ಗಮ್ಮ ಮಾತ್ರ ಅಂದುಕೊಳ್ಳಲಿಲ್ಲ. ಈ ಸಲ ಅವಳ ಚಿಂತೆಯೇ ನಿಜವಾಯಿತು. ಮೂರು ದಿನ ಕಳೆದು ಮೋತಿಗೆ ಜ್ವರ ಬಂತು. ಮುಂಗಾಲಿನ ಗೊರಸು ಮುಟ್ಟಿದರೆ ಬಿಸಿ. ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಮುಂಗಾಲು ಮುಂದಕ್ಕೆ ಚಾಚಿ, ಒಂದು ಹೆಜ್ಜೆ ಇಡಲೂ ಒಲ್ಲದೆ ನಿಂತುಬಿಟ್ಟಿತು. ಹೊಸನಗರದಿಂದ ಹುಲಿಯಪ್ಪ ಬಂದ. ಗೊರಸು ನೋಡಿದ. ಯಾವಾಗಲೂ ನಗುವ ಮನುಷ್ಯ ನಗಲಿಲ್ಲ.

"ಮಾಸು ಹೊತ್ತು ಮೀರಿ ಒಳಗೆ ನಿಂತ್ರೆ ವಿಷ ಗೊರಸಿಗೆ ಇಳೀತದೆ ಗೌಡ್ರೇ. ಜೀವಕ್ಕೆ ಭಯ ಇಲ್ಲ. ತಣ್ಣೀರಲ್ಲಿ ನಿಲ್ಸಿ, ಹುರುಳಿ ಬಿಡ್ಸಿ. ಉರಿ ಇಳಿದ ಮೇಲೆ ಮೆತ್ತನೆ ನೆಲದಾಗೆ ದಿನಾ ಸ್ವಲ್ಪ ನಡೆಸಬೇಕು. ಆದ್ರೆ..." ಎಂದು ಮೀಸೆ ಒರೆಸಿಕೊಂಡ. "ಬೆನ್ನ ಮೇಲೆ ಆಳು ಹೊರೋದು ಇನ್ನು ಆಗಲ್ಲ. ಮರಿ ಮೇಲೆ ಕೂರೋಕೆ ಮೂರು ವರ್ಷ ಬೇಕು."

ಮೂರು ವರ್ಷ. ವಾಸಪ್ಪ ಜಗುಲಿಗೆ ಹೋಗಿ ಕೂತ. ದುಗ್ಗಮ್ಮ ಒಲೆಯ ಮುಂದೆ ಕೂತಳು. ಅವನು ಬೈದಿದ್ದರೆ ಸಮಾಧಾನವಿರುತ್ತಿತ್ತು. ತಟ್ಟೆ ಎಸೆದಿದ್ದರೆ ಕೈಮುಗಿಯುತ್ತಿದ್ದಳು. ಅವನು ಎರಡನ್ನೂ ಮಾಡಲಿಲ್ಲ. ಇವಳು ಬಡಿಸಿದ್ದನ್ನು ಉಂಡು, ಗೋಡೆಗೆ ಒರಗಿ ಸುಮ್ಮನಿರುತ್ತಿದ್ದ. ಕಣ್ಣು ಎತ್ತ ನೋಡುತ್ತಿದೆಯೆಂದು ಬಾಗಿಲ ಸಂದಿನಿಂದ ಅವಳು ಇಣುಕಿ ನೋಡುತ್ತಿದ್ದಳು. ಬಾವಿಯ ಕಡೆಗೋ, ಕೊಟ್ಟಿಗೆಯ ಕಡೆಗೋ ತಿಳಿಯುತ್ತಿರಲಿಲ್ಲ, ಎರಡೂ ಒಂದೇ ದಿಕ್ಕು. ಮೋತಿಯ ಕಾಲಿಗೆ ನೀರು ಹುಯ್ಯುತ್ತ, 'ಇವರ ಕಾಲನ್ನು ನಾನೇ ಮುರಿದೆ, ಎರಡನೇ ಸಲ ಮುರಿದವಳು ನಾನು' ಎಂದು ಅಳುತ್ತಿದ್ದಳು. ರಾತ್ರಿ ಎಷ್ಟೇ ದಣಿದಿದ್ದರೂ ಅವನ ಉಸಿರು ಕೇಳದೆ ನಿದ್ದೆ ಬರುತ್ತಿರಲಿಲ್ಲ.

ಹೀಗಿರುತ್ತ ಒಂದು ಸಂಜೆ ಕಾಫಿ ಲೋಟ ಹಿಡಿದು ಹೊರಗೆ ಬಂದರೆ ಜಗುಲಿ ಖಾಲಿ.

"ಹೋಯ್!" ಎಂದಳು. ಗೋಡೆಗೆ ಒರಗಿಸಿದ್ದ ಕೋಲಿಲ್ಲ. ಲೋಟ ಕೈಯಲ್ಲೇ ಹಿಡಿದು ಬಾವಿಗೆ ಓಡಿದಳು, ಬಗ್ಗಿ ನೋಡಿದಳು. ನೀರು ಅಲುಗಾಡದೆ ನಿಂತಿತ್ತು. ಹಿತ್ತಲಿಗೆ ಓಡಿದಳು. ಕೊಟ್ಟಿಗೆಗೆ ಓಡಿದಳು. ಕೊಟ್ಟಿಗೆಯಲ್ಲಿ ಮೋತಿಯಿಲ್ಲ, ಮರಿಯೂ ಇಲ್ಲ. ಬೇಲಿ ದಾಟಿ ಗದ್ದೆ ಬಯಲಿನ ಬದುವಿಗೆ ಬಂದು ನಿಂತಳು.

ಕೊಯ್ಲಾದ ಗದ್ದೆಯಲ್ಲಿ, ಗಾಡಿ ದಾರಿಯ ಪಕ್ಕದಲ್ಲೇ, ಹೋಗಿ ಬರುವವರೆಲ್ಲ ನೋಡುವಂತೆ ವಾಸಪ್ಪ ನಡೆಯುತ್ತಿದ್ದ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮೋತಿಯ ಹಗ್ಗ. ಅವನು ಕೋಲೂರಿ ಎಡಗಾಲು ಎಳೆದು ಒಂದು ಹೆಜ್ಜೆ ಇಡುತ್ತಿದ್ದ, ನಿಲ್ಲುತ್ತಿದ್ದ. ಮೋತಿ ನೋವಿನ ಮುಂಗಾಲು ಎತ್ತಿ, ಯೋಚಿಸಿ, ಒಂದು ಹೆಜ್ಜೆ ಇಡುತ್ತಿತ್ತು, ನಿಲ್ಲುತ್ತಿತ್ತು. ಮರಿ ಇಬ್ಬರ ಸುತ್ತ ಕುಣಿಯುತ್ತಿತ್ತು.

ದಾರಿಯಲ್ಲಿ ಹೋಗುತ್ತಿದ್ದ ಜಟ್ಟಿಂಗಪ್ಪ ನಿಂತು ಕೂಗಿದ. "ಎತ್ಲಾಗೆ ಹೊರಟ್ರಿ ಗೌಡ್ರೇ?"

"ಎತ್ಲಾಗೂ ಇಲ್ಲ ಮಾರಾಯ" ಎಂದ ವಾಸಪ್ಪ, ಅಷ್ಟೇ ದೊಡ್ಡದಾಗಿ. "ದಿನಾ ನಡೆಸಬೇಕಂತೆ ಇದನ್ನ. ಬೇರೆಯವರು ಹಗ್ಗ ಹಿಡಿದ್ರೆ ಜಗ್ಗಿ ನಡೆಸ್ತಾರೆ. ಇದರ ನಡಿಗೆ ನಂಗೆ ಸರಿ ಹೊಂದ್ತದೆ."

ದುಗ್ಗಮ್ಮನಿಗೆ ಅಳು ತಡೆಯಲಾಗಲಿಲ್ಲ. ಅವನು ಊರಿನ ಕಣ್ಣ ಮುಂದೆ ಕುಂಟುತ್ತಿದ್ದ, ಮದುವೆ ಮನೆಯ ಆ ದಿನದಿಂದ ಈಚೆಗೆ ಮೊದಲ ಬಾರಿಗೆ. ಸೆರಗಿನಿಂದ ಮುಖ ಒರೆಸಿಕೊಂಡರೂ ಒದ್ದೆ, ಒರೆಸದಿದ್ದರೂ ಒದ್ದೆ.

"ಹೋಯ್, ನಿಧಾನ! ಅಲ್ಲಿ ನೆಲ ಹೊಂಡ ಇದೆ, ಬೀಳ್ತೀರಿ!" ಎಂದು ಕೂಗಿದಳು.

ವಾಸಪ್ಪ ತಿರುಗಿ ನೋಡಿದ. "ನಿಧಾನ ಅಲ್ದೆ ಮತ್ತೆಂತ, ನಾವಿಬ್ರೂ ಓಡ್ತೀವಾ? ಕಾಫಿ ಜಗುಲಿ ಮೇಲೆ ಇಡು ಹೋಗು. ನಾವು ಮನೆ ಮುಟ್ಟೋದು ಹೊತ್ತಾಗ್ತದೆ."

ದುಗ್ಗಮ್ಮ ಜಗುಲಿಯ ಕಡೆ ಹೋಗಲಿಲ್ಲ. ಲೋಟ ಚೆಲ್ಲದಂತೆ ಹಿಡಿದು ಗದ್ದೆಗೆ ಇಳಿದು, ಮೋತಿಯ ಆ ಬದಿಗೆ ಹೋಗಿ, ಅವರು ನಿಂತಲ್ಲಿ ನಿಂತು, ಅವರು ಹೆಜ್ಜೆಯಿಟ್ಟಾಗ ಹೆಜ್ಜೆಯಿಟ್ಟು ನಡೆದಳು.